ಬಾಗಿಲವರೆಗೆ ಹೋಗಿ ಹಿಂದಿರುಗಿದವರಿಗೆ: ಓದುಗರ ಸ್ಪಂದನ

ಕುಡಿತ ಬಿಡಲು ಆಲ್ಕೊಹಾಲಿಕ್ಸ್ ಅನಾನಿಮಸ್ (ಎ.ಎ., ಕುಡಿತ ಬಿಡಬೇಕೆನ್ನುವವರು ಒಬ್ಬರಿಗೊಬ್ಬರು ನೆರವಾಗುವ ಕೂಟ) ಸಭೆಗೆಂದು ಎರಡು ಬಾರಿ ಹೋಗಿ, ಎರಡು ಬಾರಿಯೂ ಬಾಗಿಲಿನಿಂದಲೇ ಹಿಂದಿರುಗಿದ ಓದುಗರೊಬ್ಬರ ಪತ್ರವನ್ನು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ್ದೆವು. “ಒಳಗೆ ಗುರುತಿನವರಿದ್ದರೆ? ಎದ್ದು ನಿಂತು ಎಲ್ಲವನ್ನೂ ಹೇಳಬೇಕಾಗಿ ಬಂದರೆ?” ಎಂದು ಅವರು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಯಾರ ಹೆಸರನ್ನೂ ಹಾಕಿಲ್ಲ. ಮೊದಲ ಪತ್ರ ಉದ್ದವಾಗಿದೆ, ಕತ್ತರಿಸಲು ಮನಸ್ಸಾಗಲಿಲ್ಲ.

*

ಆ ಬಾಗಿಲು ನನಗೆ ಗೊತ್ತು. ಒಂಬತ್ತು ವರ್ಷದ ಹಿಂದೆ ಅದರ ಎದುರು ಮೊಬೈಲನ್ನು ಕಿವಿಗೆ ಹಿಡಿದು, ಯಾರೊಂದಿಗೋ ಮಾತನಾಡುವವನ ಹಾಗೆ ಇಪ್ಪತ್ತು ನಿಮಿಷ ನಿಂತಿದ್ದೆ. ಆ ಕಡೆ ಯಾರೂ ಇರಲಿಲ್ಲ.

ನನ್ನ ಅಣ್ಣ ಆ ಬಾಗಿಲನ್ನು ದಾಟಲೇ ಇಲ್ಲ. ಅವನು ತೀರಿಕೊಂಡ ಮೇಲೆ ಅಂಗಿಯ ಜೇಬಿನಲ್ಲಿ ಒಂದು ಚೀಟಿ ಸಿಕ್ಕಿತು. ಸಭೆಯ ವಾರ, ಹೊತ್ತು, ವಿಳಾಸ. ನಾಲ್ಕಾಗಿ ಮಡಚಿದ ಕಾಗದ; ಮಡಿಕೆ ಬಿದ್ದಲ್ಲೆಲ್ಲ ಅಕ್ಷರ ಅಳಿಸಿಹೋಗಿತ್ತು. ಎಷ್ಟು ಸಲ ತೆಗೆದು ನೋಡಿ ಮತ್ತೆ ಒಳಗಿಟ್ಟಿದ್ದನೋ. ನಾನೂ ಅವನಷ್ಟೇ ಕುಡಿಯುತ್ತಿದ್ದೆ. ಅದೇ ಚೀಟಿ ಹಿಡಿದು ಹೋದೆ.

ಒಳಗೆ ಏನಿತ್ತು ಹೇಳುತ್ತೇನೆ. ಸುತ್ತಲೂ ಹಾಕಿದ ಹತ್ತು ಹನ್ನೆರಡು ಕುರ್ಚಿ. “ಮೊದಲ ಸಲವೇ? ಬನ್ನಿ” ಎಂದರು ಒಬ್ಬರು. ಶುಲ್ಕವಿಲ್ಲ, ನೋಂದಣಿಯಿಲ್ಲ. ಕುಡಿತ ನಿಲ್ಲಿಸಬೇಕೆಂಬ ಆಸೆಯೊಂದಿದ್ದರೆ ಸಾಕು. ನನ್ನ ಸರದಿ ಬಂದಾಗ “ಇವತ್ತು ಕೇಳಿಸಿಕೊಳ್ಳುತ್ತೇನೆ” ಎಂದೆ. ತಲೆಯಾಡಿಸಿ ಮುಂದಿನವರ ಕಡೆ ತಿರುಗಿದರು. ಮೂರು ವಾರ ಹಾಗೆಯೇ ಕಳೆಯಿತು. ಒಬ್ಬರು ಮಾತನಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ನನ್ನ ಮನೆಯಲ್ಲೂ ನನಗೆ ಅಂಥ ಮೌನ ಸಿಕ್ಕಿರಲಿಲ್ಲ.

ಗುರುತಿನವರು ಇದ್ದರು! ನನ್ನದೇ ಕಚೇರಿಯ ಹಿರಿಯರು. ಇಬ್ಬರೂ ಒಂದೇ ಕಾರಣಕ್ಕೆ ಅಲ್ಲಿದ್ದೆವು. ಹೊರಗೆ ಅವರೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಮುಂದೆ ಅವರೇ ನನ್ನ ಸ್ಪಾನ್ಸರ್, ಅಂದರೆ ಹೊಸಬರ ಜೊತೆ ನಿಲ್ಲುವ ಹಳೆಯ ಸದಸ್ಯರು, ಆದರು. ರಾತ್ರಿ ಹನ್ನೊಂದಕ್ಕೆ ಗಂಟಲು ಒಣಗಿ ಕರೆ ಮಾಡಿದರೆ “ಬೆಳಗಾಗುವವರೆಗೆ ಮಾತ್ರ ತಡೆದುಕೊಳ್ಳೋಣ” ಎನ್ನುತ್ತಿದ್ದರು.

ನಾಲ್ಕನೇ ತಿಂಗಳಲ್ಲಿ ಮತ್ತೆ ಕುಡಿದೆ. ಆಮೇಲೆ ಅದೇ ಬಾಗಿಲಿಗೆ ಹೋಗುವುದು ಮೊದಲ ಸಲಕ್ಕಿಂತ ಕಷ್ಟವಾಯಿತು. ಯಾಕೆ ಎಂದು ಯಾರೂ ಕೇಳಲಿಲ್ಲ. ಮತ್ತೆ ಒಂದನೇ ದಿನದಿಂದ ಎಣಿಸತೊಡಗಿದೆ.

ನೀವು ಮೊದಲು ಮುಕ್ತ ಸಭೆಗೆ ಹೋಗಿ. ಅಲ್ಲಿ ಯಾರು ಬೇಕಾದರೂ ಕುಳಿತು ಕೇಳಬಹುದು. ಇನ್ನೊಂದು ಬಗೆಯ ಸಭೆ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಸಹಾಯವಾಣಿಗೆ ಮುಂಚೆಯೇ ಕರೆ ಮಾಡಿ, “ನಾನು ಹೊಸಬ, ಒಳಗೆ ಬರಲು ಭಯ” ಎನ್ನಿ. ಸಾಮಾನ್ಯವಾಗಿ ಯಾರಾದರೂ ಹೊರಗೆ ಕಾದಿದ್ದು ಕರೆದುಕೊಂಡು ಹೋಗುತ್ತಾರೆ. ನನ್ನ ಅಣ್ಣನಿಗೆ ಇದು ತಿಳಿದಿರಲಿಲ್ಲ.

*

ಕುಡಿಯುವಾಗ ‘ಯಾರಾದರೂ ನೋಡಿದರೆ’ ಎಂಬ ಅಂಜಿಕೆ ಇರಲಿಲ್ಲವಲ್ಲ? ಬಿಡಲು ಹೊರಟಾಗ ಎಲ್ಲಿಂದ ಬಂತು? ಮೂರನೇ ಸಲ ಒಳಗೆ ಹೋಗಿ, ಆಮೇಲೆ ಪತ್ರ ಬರೆಯಿರಿ.

*

ಮಾತು ಒರಟಾಗಿದೆ. ಕೊನೆಯ ಸಾಲಿಗಾಗಿ ಉಳಿಸಿಕೊಂಡೆವು. ಮುಂದಿನ ಪತ್ರ ಬರೆದವರು ಕೇಳಿದ ಪ್ರಶ್ನೆಗೆ ಉತ್ತರಿಸಿಲ್ಲ, ಆದರೆ ಅವರ ಮಾತಿಗೂ ಜಾಗ ಬೇಕು.

*

ನಿಮ್ಮ ಪತ್ರದಲ್ಲಿ ಮನೆಯವರ ಬಗ್ಗೆ ಒಂದು ಸಾಲೂ ಇಲ್ಲ. ನಾನು ಹದಿನಾರು ವರ್ಷ ಬಾಟಲಿಗಳನ್ನು ಎಣಿಸಿದವಳು. ಯಜಮಾನರ ಕಚೇರಿಗೆ ಕರೆ ಮಾಡಿ “ಜ್ವರ” ಎಂದು ಸುಳ್ಳು ಹೇಳಿದವಳು. ಅವರು ಇವತ್ತಿಗೂ ಯಾವ ಸಭೆಗೂ ಹೋಗಿಲ್ಲ. ನಾನು ಹೋಗುತ್ತೇನೆ. ಕುಡಿಯುವವರ ಮನೆಯವರಿಗೆಂದೇ 1951ರಲ್ಲಿ ಶುರುವಾದ ಅಲ್-ಅನಾನ್ ಕೂಟಗಳಿವೆ. ಅವರ ಕುಡಿತಕ್ಕೆ ನಾನು ಕಾರಣಳಲ್ಲ ಎಂಬ ಮಾತನ್ನು ಬೇರೆಯವರ ಬಾಯಿಂದ ಮೊದಲು ಕೇಳಿದ್ದು ಅಲ್ಲಿ. ನೀವು ಹೋಗುವ ದಿನ ನಿಮ್ಮ ಮನೆಯವರಿಗೂ ಈ ವಿಷಯ ತಿಳಿಸಿ.

*

ನಾನು ವೈದ್ಯೆ. ದಿನವೂ ಹೆಚ್ಚು ಕುಡಿಯುವವರು ಸಭೆಯ ಹುರುಪಿನಲ್ಲಿ ಒಮ್ಮೆಲೇ ನಿಲ್ಲಿಸಬಾರದು. ನಡುಕ, ಬೆವರು ಶುರುವಾಗಿ ಮೊದಲ ಎರಡು ದಿನಗಳಲ್ಲೇ ಫಿಟ್ಸ್ ಬರಬಹುದು. ಆಮೇಲೆ ಭ್ರಮೆ, ಸನ್ನಿ. ಪ್ರಾಣಕ್ಕೆ ಕುತ್ತಾದದ್ದುಂಟು. ಮೊದಲು ವೈದ್ಯರಿಗೆ ತೋರಿಸಿ. ಔಷಧವೂ ಸಭೆಯೂ ಜೊತೆಜೊತೆಗೆ ನಡೆಯಲಿ.

*

ನಾನು ದೇವರನ್ನು ನಂಬುವವನಲ್ಲ. ಕುಡಿತದಿಂದ ಹೊರಬರಲು ಎ.ಎ. ಹೇಳುವ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದೆಂದು ಎರಡು ವರ್ಷ ದೂರ ಉಳಿದೆ. ಅಲ್ಲಿ ಹೇಳುವುದು ‘ನಾವು ಅರಿತುಕೊಂಡಂತೆ’ ದೇವರು ಎಂದು. ನಾನು ಆ ಜಾಗದಲ್ಲಿ ಕೋಣೆಯಲ್ಲಿದ್ದ ಜನರನ್ನು ಇಟ್ಟುಕೊಂಡೆ. ಅದೂ ಒಗ್ಗದಿದ್ದರೆ ದೇವರ ಮಾತಿಲ್ಲದ ಸ್ಮಾರ್ಟ್ ರಿಕವರಿ ಕೂಟಗಳಿವೆ, ಆನ್‌ಲೈನ್‌ನಲ್ಲೂ ನಡೆಯುತ್ತವೆ. ಎ.ಎ. ಹುಟ್ಟಿದ್ದೇ 1935ರಲ್ಲಿ, ಅಮೆರಿಕದ ಆಕ್ರನ್ ಊರಿನ ಹೋಟೆಲೊಂದರಿಂದ ಮಾಡಿದ ಕರೆಗಳಿಂದ. ವ್ಯವಹಾರ ಕೈಕೊಟ್ಟಿದ್ದ ಷೇರು ದಲ್ಲಾಳಿಯೊಬ್ಬರು, ಎಲ್ಲಿ ಮತ್ತೆ ಕುಡಿದುಬಿಡುತ್ತೇನೋ ಎಂಬ ಭಯದಲ್ಲಿ, ತನ್ನಂಥ ಇನ್ನೊಬ್ಬ ಕುಡುಕನನ್ನು ಹುಡುಕಿದರು. ಸಿಕ್ಕವರು ಒಬ್ಬ ಶಸ್ತ್ರವೈದ್ಯರು. ಹದಿನೈದು ನಿಮಿಷ ಸಾಕು ಎಂದುಕೊಂಡು ಬಂದ ಆ ವೈದ್ಯರು ಗಂಟೆಗಟ್ಟಲೆ ಕುಳಿತರು. ನೀವೂ ಹದಿನೈದು ನಿಮಿಷಕ್ಕೆಂದೇ ಹೋಗಿ, ಬಾಗಿಲ ಪಕ್ಕದ ಕುರ್ಚಿ ಹಿಡಿಯಿರಿ.

*

ಪ್ರಶ್ನೆ ಕಳುಹಿಸಿದ ಓದುಗರ ಗಮನಕ್ಕೆ: ಮೊದಲ ಪತ್ರ ಬರೆದವರು ನಿಮ್ಮ ಜೊತೆ ಬರಲು ಸಿದ್ಧರಿದ್ದಾರೆ. ಅವರ ದೂರವಾಣಿ ಸಂಖ್ಯೆಯನ್ನು ಲಕೋಟೆಯಲ್ಲಿ ಬೇರೆಯಾಗಿ ಕಳುಹಿಸಿಕೊಟ್ಟಿದ್ದಾರೆ. ನಮಗೆ ಒಂದು ಸಾಲು ಬರೆದರೆ ಸಾಕು, ತಲುಪಿಸುತ್ತೇವೆ.