ಸಹಾಯ ಬೇಕು: ಪೊಲೀಸರು ತಮ್ಮನನ್ನು ತಡೆದು ತಪಾಸಣೆ ಮಾಡಿದ್ದಾರೆ, ದಾಖಲೆ ಪಡೆಯುವುದು ಹೇಗೆ?

ಇಂಗ್ಲೆಂಡಿನಲ್ಲಿರುವ ಕನ್ನಡಿಗರೆಲ್ಲರಿಗೂ ನಮಸ್ಕಾರ. ನನ್ನ ತಮ್ಮ ಇಲ್ಲಿ ಎಂ.ಎಸ್ಸಿ. ಓದುತ್ತಿದ್ದಾನೆ. ಕಳೆದ ವಾರ ರಾತ್ರಿ ಪಾರ್ಟ್ ಟೈಮ್ ಕೆಲಸ ಮುಗಿಸಿ ಬರುವಾಗ ಇಬ್ಬರು ಪೊಲೀಸರು ಬಸ್ ಸ್ಟಾಪ್ ಹತ್ತಿರ ತಡೆದು ಬ್ಯಾಗು, ಜೇಬು ಎಲ್ಲ ಹುಡುಕಿದ್ದಾರೆ. ಊಟದ ಡಬ್ಬಿಯ ಮುಚ್ಚಳವನ್ನೂ ತೆಗೆಸಿದರಂತೆ. ಏನೂ ಸಿಗಲಿಲ್ಲ. ಯಾಕೆ ಅಂತ ಕೇಳಿದರೆ ಸರಿಯಾಗಿ ಹೇಳಲಿಲ್ಲ, ಚೀಟಿಯನ್ನೂ ಕೊಡಲಿಲ್ಲ.

ಇಲ್ಲಿನ ಪೊಲೀಸರ ಅಧಿಕಾರಗಳನ್ನು ಹೇಳುವ 1984ರ ಪೇಸ್ (ಪೊಲೀಸ್ ಅಂಡ್ ಕ್ರಿಮಿನಲ್ ಎವಿಡೆನ್ಸ್) ಕಾಯ್ದೆ ಪ್ರಕಾರ ಅನುಮಾನಕ್ಕೆ ತಕ್ಕ ಕಾರಣ ಇರಬೇಕು, ಮೈಬಣ್ಣ ನೋಡಿ ಸುಮ್ನೆ ತಡೆಯುವಂತಿಲ್ಲ ಅಲ್ವಾ? ಹುಡುಕುವ ಮೊದಲು ಪೊಲೀಸರು ತಮ್ಮ ಹೆಸರು, ಸ್ಟೇಷನ್, ಏನು ಹುಡುಕುತ್ತಿದ್ದೇವೆ, ಯಾಕೆ ಅಂತ ಹೇಳಬೇಕು. ನಾವು ಹೆಸರು, ವಿಳಾಸ ಕೊಡಲೇಬೇಕು ಅಂತಿಲ್ಲ. ತಪಾಸಣೆಯ ದಾಖಲೆಯ ಪ್ರತಿಯನ್ನು 3 ತಿಂಗಳೊಳಗೆ ಕೇಳಬಹುದು. ಆದರೆ 1994ರ ಇನ್ನೊಂದು ಕಾಯ್ದೆಯ ಸೆಕ್ಷನ್ 60 (ಗಲಭೆ, ಹಿಂಸೆಯ ಭಯವಿದ್ದಾಗ ಒಂದು ಪ್ರದೇಶದಲ್ಲಿ ಸ್ವಲ್ಪ ಹೊತ್ತಿಗೆ ಕೊಡುವ ತಪಾಸಣೆ ಅಧಿಕಾರ) ಜಾರಿಯಲ್ಲಿರುವ ಜಾಗದಲ್ಲಿ ಅನುಮಾನದ ಕಾರಣವೇ ಬೇಕಿಲ್ಲ. ಆ ರಾತ್ರಿ ಅಲ್ಲಿ ಅದು ಜಾರಿಯಲ್ಲಿತ್ತಾ ಅಂತ ತಿಳಿಯುವುದು ಹೇಗೆ?

ಹೀಗೆ ಪ್ರತಿ ತರಿಸಿಕೊಂಡವರು ಯಾರಾದರೂ ಇದ್ದೀರಾ? ದೂರು ಕೊಟ್ಟರೆ ವೀಸಾಗೆ ತೊಂದರೆ ಆಗುತ್ತೆ ಅಂತ ಅವನಿಗೆ ಭಯ. ತಪ್ಪೇ ಮಾಡದ ಹುಡುಗ ಈಗ ಆ ದಾರಿ ಬಿಟ್ಟು ಸುತ್ತು ಹಾಕಿಕೊಂಡು ಬರುತ್ತಿದ್ದಾನೆ, ನೋಡಿದರೆ ಸಂಕಟ ಆಗುತ್ತೆ. ಗೊತ್ತಿರುವ ವಕೀಲರಿದ್ದರೆ ದಯವಿಟ್ಟು ಮೆಸೇಜ್ ಮಾಡಿ.