ಅಪ್‌ಡೇಟ್: ಕಾಲೇಜಿನ ನೋಟಿಸುಗಳಲ್ಲಿ ಒಂದೇ ಪದ ಬಳಸುವ ಬಗ್ಗೆ

ನಮ್ಮ ಡಿಗ್ರಿ ಕಾಲೇಜಿನ ನೋಟಿಸು, ಪ್ರಾಸ್ಪೆಕ್ಟಸ್, ವಾಟ್ಸಾಪ್ ಮೆಸೇಜುಗಳಲ್ಲಿ ಒಂದೊಂದು ಕಡೆ ಒಂದೊಂದು ಪದ ಬರುತ್ತದೆ, ಸರಿಮಾಡುವುದು ಹೇಗೆ ಅಂತ ಹೋದ ತಿಂಗಳು ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನೀವು ಹೇಳಿದಂತೆ ಎರಡು ಪುಟದ ಪದಪಟ್ಟಿ ಮಾಡಿದೆವು.

ಜಾಸ್ತಿ ಚರ್ಚೆಯಾಗಿದ್ದು 'ದಾಖಲಾತಿ' ಬಗ್ಗೆ. ಒಂದೇ ನೋಟಿಸಿನಲ್ಲಿ ಮೇಲೆ 'ದಾಖಲಾತಿಗೆ ಕೊನೆಯ ದಿನ', ಕೆಳಗೆ 'ಮೂಲ ದಾಖಲಾತಿಗಳನ್ನು ತರತಕ್ಕದ್ದು'. ಮೇಲಿನದು ಕಾಲೇಜಿಗೆ ಸೇರುವುದು, ಕೆಳಗಿನದು ಮಾರ್ಕ್ಸ್ ಕಾರ್ಡ್, ಟಿ.ಸಿ. ಒಬ್ಬ ಹುಡುಗಿ ಕಾಗದ ಕೊಟ್ಟರೆ ಸಾಕು ಅಂದುಕೊಂಡು ಫೀಸು ಕಟ್ಟದೆ ಬಸ್ ಹತ್ತಿಬಿಟ್ಟಿದ್ದಳು. ಮರುದಿನ ಅವರಪ್ಪ ಬಂದು ಕೌಂಟರ್ ಮುಂದೆ ನಿಂತಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಸದ್ಯ, ಸೀಟು ಉಳಿಯಿತು. ಈಗ ಸೇರುವುದಕ್ಕೆ 'ಪ್ರವೇಶ', ಕಾಗದಕ್ಕೆ 'ದಾಖಲೆ'. 'ದಾಖಲಾತಿ' ಪೂರ್ತಿ ಬಿಟ್ಟೆವು. 'ತರತಕ್ಕದ್ದು' ಹೋಗಿ 'ತನ್ನಿ' ಬಂತು. ಮಕ್ಕಳ ಜೊತೆ ಮಾತಾಡುವಾಗ ಹಾಗೇ ಅಲ್ವಾ ಹೇಳುವುದು?

ಇಂಗ್ಲಿಷ್ ಲೆಟರ್‌ಹೆಡ್‌ನಲ್ಲಿ ಇನ್ನೂ 'ಮೈಸೋರ್' ಇತ್ತು. 2014ರ ನವೆಂಬರ್ 1ರಂದೇ ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಗಿದೆ. ಅದನ್ನೂ 'ಮೈಸೂರು' ಮಾಡಿದೆವು.

'ನುಡಿ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ವಾಟ್ಸಾಪಿಗೆ ಹಾಕಿದರೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿ ಆಗುತ್ತಿತ್ತು. ಈಗ ಆಫೀಸಿನವರೆಲ್ಲ ಫೋನುಗಳಲ್ಲೂ ಸರಿಯಾಗಿ ಕಾಣುವ ಯೂನಿಕೋಡ್‌ನಲ್ಲೇ ಟೈಪ್ ಮಾಡುತ್ತಿದ್ದಾರೆ.

'ಪ್ರಾಂಶುಪಾಲರು' ಬೇಕೋ 'ಪ್ರಿನ್ಸಿಪಾಲರು' ಬೇಕೋ ಅನ್ನುವುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಸೋಮವಾರದ ಮೀಟಿಂಗಿನಲ್ಲಿ ಕೇಳುತ್ತೇನೆ.