ಅಪ್‌ಡೇಟ್: ಜೆಸಿಎಲ್ ಅನ್ನು ಓಡಿಸುವ ಮೊದಲೇ ಪರೀಕ್ಷಿಸುವ ಬಗ್ಗೆ

ಕಳೆದ ತಿಂಗಳು ಕೇಳಿದ್ದೆ: ರಾತ್ರಿ ಬ್ಯಾಚ್‌ನ ಒಂದು ಜಾಬ್ (ಸ್ಟೆಪ್ ಎಂಬ ಹಂತಗಳಲ್ಲಿ ಸಾಗುವ ಕೆಲಸ) ಮೂರನೇ ಸ್ಟೆಪ್‌ನಲ್ಲಿ ಜೆಸಿಎಲ್ (ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರಿಗೆ ಯಾವ ಕೆಲಸವನ್ನು ಯಾವ ಫೈಲಿನೊಂದಿಗೆ ಓಡಿಸಬೇಕೆಂದು ಹೇಳುವ ಭಾಷೆ) ಎರರ್ ಕೊಟ್ಟು ನಿಂತಿತು, ಇಂಥದ್ದನ್ನು ಮೊದಲೇ ಹಿಡಿಯುವುದು ಹೇಗೆ? ಉತ್ತರಿಸಿದ ಎಲ್ಲರಿಗೂ ಬೆಳಗಾವಿಯಿಂದ ಮನಸಾರೆ ನಮಸ್ಕಾರ.

ನೀವು ಹೇಳಿದಂತೆ ಜಾಬ್ ಕಾರ್ಡಿನಲ್ಲಿ (ಜಾಬ್‌ನ ಹೆಸರು ಹೇಳುವ ಮೊದಲ ಸಾಲಿನಲ್ಲಿ) ಟೈಪ್‌ರನ್=ಸ್ಕ್ಯಾನ್ (ಓಡಿಸದೆ ಬರೀ ಪರೀಕ್ಷಿಸು ಎಂಬ ಸೂಚನೆ) ಹಾಕಿ ಸಲ್ಲಿಸಿದೆ. ಒಂದು ದೋಷವೂ ಕಾಣಲಿಲ್ಲ! ಆಗಲೇ ವಿಷಯ ಅರ್ಥವಾಯಿತು. ಸ್ಕ್ಯಾನ್ ನೋಡುವುದು ವ್ಯಾಕರಣವನ್ನು: ಬಿಟ್ಟುಹೋದ ಅಲ್ಪವಿರಾಮ, ಮುಚ್ಚದ ಆವರಣ, ತಪ್ಪು ಕೀವರ್ಡ್. ಡೇಟಾಸೆಟ್ (ಮೇನ್‌ಫ್ರೇಮ್‌ನಲ್ಲಿ ಫೈಲಿಗೆ ಹೇಳುವ ಹೆಸರು) ನಿಜವಾಗಿ ಇದೆಯೇ ಎಂದು ಅದು ಹುಡುಕುವುದಿಲ್ಲ. ನನ್ನ ಜಾಬ್‌ನಲ್ಲಿ ಮೂರನೇ ಸ್ಟೆಪ್ ಓದಬೇಕಿದ್ದ ಡೇಟಾಸೆಟ್‌ನ ಹೆಸರಿನಲ್ಲಿ ಒಂದೇ ಒಂದು ಅಕ್ಷರ ತಪ್ಪಿತ್ತು. ವ್ಯಾಕರಣವೇ ತಪ್ಪಿದ್ದರೆ ಯಾವ ಸ್ಟೆಪ್ಪೂ ಶುರುವಾಗುತ್ತಿರಲಿಲ್ಲ. ಇದು ಹಾಗಲ್ಲ, ಮೊದಲ ಎರಡು ಸ್ಟೆಪ್‌ಗಳು ಫೈಲುಗಳನ್ನು ಬದಲಿಸಿಯಾದ ಮೇಲೆ ಬಿದ್ದದ್ದು. ಎಲ್ಲವನ್ನೂ ಹಿಂದಿನ ಸ್ಥಿತಿಗೆ ತರುವಷ್ಟರಲ್ಲಿ ಬೆಳಗಾಗಿತ್ತು.

ಈಗ ಸ್ಕ್ಯಾನ್ ಮುಗಿದ ಮೇಲೆ ಡಿಸ್ಪ್=ಓಲ್ಡ್ ಅಥವಾ ಎಸ್‌ಎಚ್‌ಆರ್ (ಎರಡೂ ಡೇಟಾಸೆಟ್ ಈಗಾಗಲೇ ಇದೆ ಎನ್ನುವ ಸೂಚನೆಗಳು) ಇರುವ ಪ್ರತಿ ಹೆಸರನ್ನೂ ಐಎಸ್‌ಪಿಎಫ್ (ಮೇನ್‌ಫ್ರೇಮ್‌ನ ಮೆನು ಪರದೆ) 3.4ರಲ್ಲಿ, ಅಂದರೆ ಡೇಟಾಸೆಟ್ ಪಟ್ಟಿಯಲ್ಲಿ, ಹುಡುಕುತ್ತೇನೆ, ಹಿಂದಿನ ಸ್ಟೆಪ್ ಸೃಷ್ಟಿಸುವಂಥವನ್ನು ಬಿಡುತ್ತೇನೆ. ಡಿಸ್ಪ್=ನ್ಯೂ (ಹೊಸದಾಗಿ ಸೃಷ್ಟಿಸು) ಇದ್ದರೆ ಆ ಹೆಸರು ಮೊದಲೇ ಇರಬಾರದು. ಬೈಲಹೊಂಗಲದ ಹಿರಿಯ ಸಹೋದ್ಯೋಗಿಯೊಬ್ಬರು ಪಕ್ಕದಲ್ಲಿ ಕುಳಿತು ಒಂದೊಂದು ಸಾಲನ್ನೂ ಓದಿಸಿದರು. ಅವರ ಋಣ ದೊಡ್ಡದು. ನಿನ್ನೆ ರಾತ್ರಿ ಅದೇ ಜಾಬ್ ಸೊನ್ನೆ ರಿಟರ್ನ್ ಕೋಡ್‌ನೊಂದಿಗೆ, ಅಂದರೆ ದೋಷವಿಲ್ಲದೆ, ಮುಗಿಯಿತು.